ಗುರುಗಳ ನಾಲಿಗೆಗಾಗಿ ಒಂದು ಮೊಪೆಡ್ ಯಾತ್ರೆ

ಮಂಗಳವಾರ ಮಧ್ಯಾಹ್ನ ಹೊನ್ನಯ್ಯ ಗುರುಗಳು ಊಟ ಚೆನ್ನಾಗಿದೆ ಎಂದರು. ಹೊಳೆದಂಡೆಯ ಆಶ್ರಮದಲ್ಲಿ ಆತಂಕ ಹರಡಿತು.

ಆಶ್ರಮದಲ್ಲಿ ಇದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಆತಂಕಕ್ಕೆ ಕಾರಣರು. ಆದ್ದರಿಂದ ಅದು ಹೆಚ್ಚು ದೂರ ಹರಡಬೇಕಾಗಲಿಲ್ಲ. ಒಲೆಯ ಮುಂದೆ ಕೂತಿದ್ದ ಶಿಷ್ಯ ಬಿಳಿಗಿರಿಯನ್ನು ತಲುಪಿ ನಿಂತಿತು.

ಈ ಆಶ್ರಮದಲ್ಲಿ ಬಾಡು ನಿಷಿದ್ಧವಲ್ಲ. ಇದನ್ನು ಕಟ್ಟಿದ ಮೂಲಗುರುಗಳು ಪೂರ್ವಾಶ್ರಮದಲ್ಲಿ ಬೇಟೆಗಾರರು. ನಿಯಮಗಳನ್ನು ಬರೆಸುವಾಗ ಅದೊಂದನ್ನು ಮರೆತರೋ, ಮನಸ್ಸು ಬರಲಿಲ್ಲವೋ, ಈಗ ಕೇಳುವಂತಿಲ್ಲ. ಮಂಗಳವಾರ ಕೆಂಡದ ಮೇಲೆ ಮಾಂಸ ಸುಡುವುದು ಅಂದಿನಿಂದ ಬಂದ ಪದ್ಧತಿ.

ಹನ್ನೊಂದು ವರ್ಷದಿಂದ ಸುಡುತ್ತಿದ್ದವನು ಬಿಳಿಗಿರಿ. ಹನ್ನೊಂದು ವರ್ಷದಿಂದ ತಪ್ಪು ಹೇಳುತ್ತಿದ್ದವರು ಗುರುಗಳು. ಒಮ್ಮೆ "ಕುರಿ ಸತ್ತಿದ್ದೂ ದಂಡ" ಎಂದಿದ್ದರು. ಬಿಳಿಗಿರಿಯ ಲೆಕ್ಕದಲ್ಲಿ ಅದು ಒಳ್ಳೆಯ ದಿನ.

ಈ ಮಂಗಳವಾರ ಅವನು ಉಪ್ಪು ಹಾಕುವುದನ್ನೇ ಮರೆತಿದ್ದ. ಮಾಂಸ ಹೊರಗೆ ಇದ್ದಿಲಾಗಿ ಒಳಗೆ ಹಸಿಯಾಗಿತ್ತು.

"ಚೆನ್ನಾಗಿದೆ ಕಣೊ," ಎಂದರು ಗುರುಗಳು.

ಬಿಳಿಗಿರಿಯ ಕೈಲಿದ್ದ ಇಕ್ಕಳ ಕೆಳಗೆ ಬಿತ್ತು.

"ಬುದ್ಧಿ, ಮೈ ಹುಷಾರಿಲ್ವಾ?"

"ಹೋದ ವಾರದ ಜ್ವರದ ಜೊತೆ ರುಚಿಯೂ ಹೋಯ್ತು. ಜ್ವರ ಹೇಳಿ ಹೋಯ್ತು. ಇದು ಹೇಳದೆ ಹೋಯ್ತು."

"ಮತ್ತೆ ಚೆನ್ನಾಗಿದೆ ಅಂದ್ರಲ್ಲ?"

"ಏನೂ ಗೊತ್ತಾಗದಿದ್ದಾಗ ಜನ ಅದನ್ನೇ ತಾನೆ ಹೇಳೋದು?"

ಬಿಳಿಗಿರಿ ಡಾಕ್ಟರನ್ನು ಕರೆತಂದ. ಡಾಕ್ಟರು ನಾಲಿಗೆಯನ್ನು ಮೇಲೆ ನೋಡಿದರು, ಕೆಳಗೆ ನೋಡಿದರು. ರುಚಿ ನಾಳೆಯೇ ಬರಬಹುದು, ಬರದೆಯೂ ಇರಬಹುದು, ಅಲ್ಲಿಯವರೆಗೆ ಚೆನ್ನಾಗಿ ಊಟ ಮಾಡಿ ಎಂದು ಹೇಳಿ ಹೋದರು.

ಗುರುಗಳು ಚೆನ್ನಾಗಿ ಊಟ ಮಾಡಲಿಲ್ಲ. ಮೊದಲ ವಾರ ಅರ್ಧ ಊಟ. ಎರಡನೇ ವಾರ ಮೂರು ತುತ್ತು. ಪಂಚೆ ಸೊಂಟಕ್ಕೆ ಇನ್ನೊಂದು ಸುತ್ತು ಬರತೊಡಗಿತು.

"ತಿನ್ನಿ ಬುದ್ಧಿ."

"ಒದ್ದೆ ಹತ್ತಿ ಅಗಿದ ಹಾಗಾಗುತ್ತೆ ಕಣೊ."

"ಹಾಗಂತ ಬಿಟ್ಟರೆ?"

"ಬಿಟ್ಟರೆ ಹತ್ತಿ ಉಳಿಯುತ್ತೆ."

ಗುರುಗಳಿಗೆ ಇದು ತಮಾಷೆ. ಬಿಳಿಗಿರಿಗೆ ಅಲ್ಲ. ಅವನಿಗೆ ಇದ್ದದ್ದು ಒಬ್ಬರೇ ಗುರುಗಳು. ಅವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರು.

ಅವನು ಯೋಚಿಸಿದ. ಈ ನಾಡಿನಲ್ಲಿ ಎಲ್ಲೋ ಒಂದು ಕಡೆ, ಯಾರೋ ಒಬ್ಬರು, ಸತ್ತ ನಾಲಿಗೆಯೂ ಎದ್ದು ಕೂರುವ ಹಾಗೆ ಮಾಂಸ ಸುಡುತ್ತಿರಬೇಕು. ಹುಡುಕಿದರೆ ಸಿಗಬೇಕು. ಸಿಕ್ಕರೆ ತರಬೇಕು.

ಆಶ್ರಮಕ್ಕೆ ಒಂದು ಮೊಪೆಡ್ ಇತ್ತು. ಭಕ್ತರೊಬ್ಬರು ಕಾಣಿಕೆ ಕೊಟ್ಟದ್ದು. ಅದನ್ನು ಕೊಟ್ಟ ಮೇಲೆ ಅವರ ಮನೆಯಲ್ಲಿ ನೆಮ್ಮದಿ ನೆಲೆಸಿತ್ತು. ಅದರ ಹಾರ್ನ್ ಯಾವಾಗಲೂ ಕೆಲಸ ಮಾಡುತ್ತಿತ್ತು. ಬ್ರೇಕ್ ಕೆಲವೊಮ್ಮೆ.

"ಒಬ್ಬನೇ ಹೋಗ್ತೀಯಾ?" ಎಂದು ಕೇಳಿದರು ಗುರುಗಳು.

"ರುಚಿ ನೋಡೋಕೆ ಒಬ್ಬ ಸಾಕು ಬುದ್ಧಿ. ಇಬ್ಬರಾದ್ರೆ ಜಗಳ."

"ಸರಿ. ನೋಡ್ಕೊಂಡು ಬಾ."

ಗುರುಗಳಿಗೆ ಗಂಜಿ ಕೊಡಲು ಪಕ್ಕದ ತೋಟದ ಗಂಡಹೆಂಡತಿ ಒಪ್ಪಿಕೊಂಡರು. ಬಿಳಿಗಿರಿ ಹೊರಟ.

ಒಂಬತ್ತು ದಿನ. ಏಳು ಊರು. ಹೆದ್ದಾರಿ ಪಕ್ಕ ನೆಲದ ಗುಂಡಿಯಲ್ಲಿ ಬೇಯಿಸಿದ ಕೋಳಿ ತಿಂದ. ಸಂತೆಮಾಳದಲ್ಲಿ ಕುರಿಯ ತೊಡೆ ತಿಂದ. ಕಾಡಂಚಿನಲ್ಲಿ ಬಿದಿರಿಗೆ ಚುಚ್ಚಿ ಸುಟ್ಟ ಹಂದಿ ತಿಂದ. ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದ. ಹತ್ತನೆಯ ದಿನ ವಾಪಸು ಬಂದು, ಗುರುಗಳ ಮುಂದೆ ನಿಂತು ಓದಿದ.

"ಒಂದನೇ ಊರು, ಕೋಳಿ. ಅದ್ಭುತ. ಎರಡನೇ ಊರು, ಕುರಿ ತೊಡೆ. ಅದ್ಭುತ. ಮೂರನೇ ಊರು, ಹಂದಿ. ಬಹಳ ಅದ್ಭುತ."

"ಬಹಳ ಯಾಕೆ?"

"ಅವತ್ತು ಬೆಳಗ್ಗೆ ತಿಂಡಿ ತಿಂದಿರಲಿಲ್ಲ ಬುದ್ಧಿ."

"ಏಳರಲ್ಲಿ ಯಾವುದು ಮೇಲು?"

"ಎಲ್ಲಾ ಒಂದೇ ಥರ ಚೆನ್ನಾಗಿತ್ತು."

"ಒಂದೇ ಥರ?"

"ಒಂದೇ ಥರ. ನನಗೂ ಆಶ್ಚರ್ಯ ಆಯ್ತು. ನಮ್ಮ ನಾಡಲ್ಲಿ ಎಂಥ ಒಗ್ಗಟ್ಟು!"

ಗುರುಗಳು ಅವನ ಚೀಲದ ಕಡೆ ನೋಡಿದರು. ಅದರ ಬಾಯಲ್ಲಿ ಒಂದು ಸ್ಟೀಲ್ ಡಬ್ಬಿ ಇಣುಕುತ್ತಿತ್ತು.

"ಅದೇನು?"

"ನಮ್ಮವ್ವ ಮಾಡಿಕೊಟ್ಟ ಖಾರದ ಪುಡಿ ಬುದ್ಧಿ. ಪರಊರು, ಯಾರು ಹೇಗೆ ಸುಡ್ತಾರೋ ಏನೋ. ಹುಷಾರಿಗಿರಲಿ ಅಂತ ಮೇಲೊಂದಿಷ್ಟು ಉದುರಿಸ್ಕೋತಿದ್ದೆ."

"ತಿಂದು ನೋಡಿ ಉದುರಿಸ್ಕೋತಿದ್ಯಾ?"

"ಉದುರಿಸ್ಕೊಂಡು ತಿಂತಿದ್ದೆ."

"ಯಾರೂ ಏನೂ ಅನ್ನಲಿಲ್ವಾ?"

"ನಾಲ್ಕನೇ ಊರಲ್ಲಿ ಒಬ್ಬರು ಬೈದರು. ಬೆಳಗಿನಿಂದ ಒಲೆ ಮುಂದೆ ಇದ್ದರಂತೆ. ಸುಸ್ತಿಗೆ ಸಿಟ್ಟು ಬಂದಿರಬೇಕು."

ಗುರುಗಳು ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಂದು ತಟ್ಟೆ ಹಿಡಿದು ಬಂದರು.

"ಕಣ್ಣು ಮುಚ್ಚು. ಬಾಯಿ ತೆಗಿ."

ಬಿಳಿಗಿರಿ ಹಾಗೇ ಮಾಡಿದ. ಬಾಯಿಗೆ ಒಂದು ತುಂಡು ಬಿತ್ತು.

"ಯಾವ ಊರಿನದು?"

ಬಿಳಿಗಿರಿ ಅಗಿದ. ಮುಖ ಅರಳಿತು. "ಎರಡನೇ ಊರಿನ ಕುರಿ ತೊಡೆ ಬುದ್ಧಿ! ಇದನ್ನ ಮರೆಯೋಕಾಗುತ್ತಾ? ನಿಮಗೆ ಎಲ್ಲಿ ಸಿಕ್ತು?"

"ಕಣ್ಣು ಬಿಡು."

ತಟ್ಟೆಯಲ್ಲಿ ಹಿತ್ತಲಿನ ಮರದ ಎಳೆ ಹಲಸಿನಕಾಯಿ ಇತ್ತು. ಸುಟ್ಟಿತ್ತು. ಮೇಲೆ ಪುಡಿ ಉದುರಿಸಿತ್ತು.

ಹೊಳೆಯ ಕಡೆಯಿಂದ ಒಂದು ಕೊಕ್ಕರೆ ಕೂಗಿತು. ಬಿಳಿಗಿರಿ ಬಾಯಲ್ಲಿ ಉಳಿದದ್ದನ್ನು ಇನ್ನೊಮ್ಮೆ ಅಗಿದು ನೋಡಿದ.

"ನಿಮ್ಮವ್ವನ ಕೈರುಚಿ ದೊಡ್ಡದು," ಎಂದರು ಗುರುಗಳು. "ಅದನ್ನು ತಿನ್ನೋಕೆ ನಾನೂರು ಕಿಲೋಮೀಟರ್ ಹೋಗಬೇಕಿರಲಿಲ್ಲ."

ಬಿಳಿಗಿರಿ ತಲೆ ತಗ್ಗಿಸಿದ. ಗುರುಗಳ ಕಾಲು ಕಾಣಿಸಿತು. ಒಂಬತ್ತು ದಿನದಲ್ಲಿ ಅದೂ ಸಣ್ಣಗಾಗಿತ್ತು.

"ನಿಮಗೋಸ್ಕರ ಹೋದೆ ಬುದ್ಧಿ. ನಿಮಗೇ ಏನೂ ತರಲಿಲ್ಲ."

"ಏಳು ಕಡೆ ಒಲೆ ಹಚ್ಚಿದವರು ಯಾರು?"

"ನೋಡಲಿಲ್ಲ."

"ಮಾಂಸ ಕೆಂಡದ ಮೇಲೆ ಕೂತಾಗ ಏನಂತು?"

"ಮಾಂಸವಾ?"

"ಮಾಂಸವೇ."

"ಕೇಳಿಸ್ಕೊಳ್ಳಲಿಲ್ಲ ಬುದ್ಧಿ. ಆಗ ಡಬ್ಬಿ ಮುಚ್ಚಳ ತೆಗೀತಿದ್ದೆ."

ಗುರುಗಳು ಡಬ್ಬಿಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು.

"ಹೋಗಿರೋದು ನನ್ನ ನಾಲಿಗೆ ಒಂದೇ. ಕಣ್ಣು, ಕಿವಿ, ಬೆರಳು ಇಲ್ಲೇ ಇವೆ. ಅವೂ ಒಂಬತ್ತು ದಿನದಿಂದ ನಿನಗೆ ಕಾಯ್ತಿದ್ದವು."

ಮರುದಿನ ಬೆಳಗ್ಗೆ ಬಿಳಿಗಿರಿ ಮತ್ತೆ ಹೊರಟ. ಈ ಸಲ ಡಬ್ಬಿ ಇರಲಿಲ್ಲ. ನೋಟ್‌ಬುಕ್ ಅವನೇ ಬಿಟ್ಟುಹೋದ.

ಮೂರನೆಯ ದಿನ ಬೆಳಗ್ಗೆಯೇ ಮೊಪೆಡ್ಡಿನ ಹಾರ್ನ್ ಕೇಳಿಸಿತು. ಗುರುಗಳು ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಅದನ್ನು ನೋಡುತ್ತಾ ಕೂತಿದ್ದರು. ಗಂಜಿ ತಣ್ಣಗಾಗಿ ಕೆನೆ ಕಟ್ಟಿತ್ತು.

"ಏನೋ ಅದು ಮುಖ?"

"ಮಸಿ ಬುದ್ಧಿ. ಎರಡು ಸಲ ತೊಳೆದೆ."

"ಎಷ್ಟು ಊರು ಆಯ್ತು?"

"ಒಂದೇ. ಅದು ಊರೂ ಅಲ್ಲ. ಅಣೆಕಟ್ಟೆ ಹಿನ್ನೀರಿನ ಪಕ್ಕ ಒಂದು ಹುಣಸೆಮರ. ಅದರ ಮುಂದೆ ಮೊಪೆಡ್ಡಿನ ಚೈನು ಕಳಚಿತು. ಮರದಡಿ ಜವರಮ್ಮ ಅಂತ ಒಬ್ಬರು ಮೀನು ಸುಡ್ತಾರೆ."

"ಯಾವುದರ ಮೇಲೆ?"

"ಕಿಟಕಿ ಮೇಲೆ ಬುದ್ಧಿ. ಅವರ ಹಳೇ ಮನೆ ಬಿತ್ತಂತೆ, ಕಿಟಕಿ ಉಳೀತಂತೆ. ಅದರ ಸರಳುಗಳನ್ನ ನಾಲ್ಕು ಕಲ್ಲಿನ ಮೇಲೆ ಅಂಗಾತ ಮಲಗಿಸಿದ್ದಾರೆ."

"ಕಿಟಕಿಯಿಂದ ಏನು ಕಾಣುತ್ತೆ?"

"ತೆಂಗಿನ ಚಿಪ್ಪಿನ ಕೆಂಡ."

ಗುರುಗಳು ಬಟ್ಟಲಿನಿಂದ ಕಣ್ಣು ತೆಗೆದು ಅವನನ್ನು ನೋಡಿದರು.

"ಹೋದ ತಕ್ಷಣ ಕೊಟ್ಟರಾ?"

"ಎಲ್ಲಿ! 'ಒಂದು ಮೀನು ಕೊಡಿ' ಅಂದೆ. 'ಉರಿ ಇನ್ನೂ ಕುಣೀತಾ ಅದೆ, ಇಳೀಲಿ, ಕೂತ್ಕಳಿ' ಅಂದರು. ಕೂತೆ. ಉರಿ ಇಳೀತು. 'ಸುಮ್ಕೆ ಯಾಕೆ ಕೂತಿದ್ದೀರಿ, ಬೀಸಿ' ಅಂತ ಮೊರ ಕೈಗೆ ಕೊಟ್ಟರು. ಜೋರಾಗಿ ಬೀಸಿದೆ. ಬೂದಿ ಪೂರ್ತಿ ನನ್ನ ಮುಖಕ್ಕೇ ಬಂತು."

"ಆಯಮ್ಮ ಏನಂದರು?"

"'ಯಾಕ್ ಸ್ವಾಮ್ಯೋರೆ, ಬೂದಿ ಹಣೆಗೆ ಮಾತ್ರ ಅಂದ್ಕಂಡಿದ್ರಾ?' ಅಂದರು."

ಗುರುಗಳ ಮೀಸೆ ಅಲುಗಿತು.

"ಮೀನು ಏನಂತು?"

"ಜಿಲೇಬಿ ಮೀನು ಬುದ್ಧಿ, ಅಂಗೈಯಗಲ. ಇಟ್ಟಾಗ ಏನೂ ಅನ್ನಲಿಲ್ಲ. ಆಮೇಲೆ ಸಣ್ಣಗೆ ಪಿಸುಗುಟ್ಟಿತು. ಆಮೇಲೆ ಚರ್ಮ ಚಟ್ ಅಂತ ಬಿರೀತು. ಕೊಬ್ಬು ಒಂದೊಂದೇ ಹನಿ ಕೆಂಡಕ್ಕೆ ಬಿದ್ದಾಗ ಪುಸ್, ಪುಸ್ ಅನ್ನೋದು. ಹಾಗೆ ಅಂದಾಗಲೆಲ್ಲ ನಾಯಿ ಕಿವಿ ನಿಮಿರಿಸೋದು."

"ನಾಯಿಯೂ ಇತ್ತಾ?"

"ಇತ್ತು. ನನಗಿಂತ ಚೆನ್ನಾಗಿ ಕಾಯ್ತಿತ್ತು."

"ಆಮೇಲೆ?"

"ಮುತ್ತುಗದ ಎಲೆ ಮೇಲೆ ಹಾಕಿ ಕೊಟ್ಟರು. ಒಂದು ಪಕ್ಕ ಸೀದಿತ್ತು. ಹೇಳಿದೆ. 'ಇನ್ನೊಂದು ಪಕ್ಕ ಸೀದಿಲ್ವಲ್ಲ, ಅದನ್ನ ಯಾರೂ ಹೇಳಕಿಲ್ಲ' ಅಂದರು. ಚೀಲಕ್ಕೆ ಕೈ ಹಾಕಿದೆ ಬುದ್ಧಿ, ಅಭ್ಯಾಸ ನೋಡಿ. ಡಬ್ಬಿ ಇರಲಿಲ್ಲ. ಹಾಗೇ ತಿಂದೆ. ರುಚಿ ಹೇಗಿತ್ತು ಅಂದ್ರೆ..."

"ರುಚಿ ಬೇಡ. ಬೆರಳು ಸುಟ್ಟುಕೊಂಡ್ಯಾ?"

"ಎರಡು."

"ತೋರಿಸು."

ಬಿಳಿಗಿರಿ ಬಲಗೈ ಚಾಚಿದ. ಗುರುಗಳು ಎರಡು ಬೆರಳನ್ನೂ ಪರೀಕ್ಷಿಸಿದರು. ಡಾಕ್ಟರು ನಾಲಿಗೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಎಷ್ಟು ದೂರ?"

"ಅರವತ್ತೆರಡು ಕಿಲೋಮೀಟರ್."

ಗುರುಗಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದರು. ಟವೆಲನ್ನು ತಲೆಗೆ ಸುತ್ತಿದರು.

"ಬುದ್ಧಿ, ನೀವು ಸೊರಗಿದ್ದೀರಿ. ಇನ್ನೆರಡು ದಿನ ಬಿಟ್ಟು..."

"ಉರಿ ಇಳಿಯೋಕೆ ಹೊತ್ತು ಬೇಕು ಅಂದೆಯಲ್ಲ. ಈಗಲೇ ಹೊರಟರೆ ಸರಿಹೋಗುತ್ತೆ."

ದಾರಿಯಲ್ಲಿ ಒಂದು ಇಳಿಜಾರು ಬಂತು. ಬ್ರೇಕ್ ಕೆಲಸ ಮಾಡಲಿಲ್ಲ.

"ಬುದ್ಧಿ, ಬ್ರೇಕ್ ಹಿಡೀತಿಲ್ಲ!"

"ಹಾರ್ನ್ ಇದೆಯಲ್ಲ, ಹೊಡಿ," ಎಂದು ಹಿಂದಿನ ಸೀಟಿನಿಂದ ಗುರುಗಳು ಹೇಳಿದರು.

ಬಿಳಿಗಿರಿ ಹೊಡೆದ. ಎಮ್ಮೆಗಳು ದಾರಿ ಬಿಟ್ಟವು. ಗುರುಗಳ ಟವೆಲು ಗಾಳಿಗೆ ಹಾರಿ ಒಂದು ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ನಿಲ್ಲಿಸಿ ತರುವ ಪ್ರಶ್ನೆ ಬರಲಿಲ್ಲ.

ಹುಣಸೆಮರದಡಿ ಜವರಮ್ಮ ಚಿಪ್ಪುಗಳನ್ನು ಈಗಷ್ಟೇ ಹೊತ್ತಿಸಿದ್ದರು. ನಾಯಿ ತನ್ನ ಜಾಗದಲ್ಲಿತ್ತು.

"ಇವರೇನಾ ನಾಲಿಗೆ ಕಳ್ಕಂಡೋರು?" ಎಂದು ಜವರಮ್ಮ ಬಿಳಿಗಿರಿಯನ್ನು ಕೇಳಿದರು.

"ಹೌದಮ್ಮ, ನಾನೇ," ಎಂದರು ಗುರುಗಳು.

"ಮಾತಾಡ್ತಾವ್ರಲ್ಲ?"

"ಮಾತಿಗೆ ರುಚಿ ಬೇಕಿಲ್ಲ ತಾಯಿ."

"ಅದಕ್ಕೇ ಸ್ವಾಮ್ಯೋರೆಲ್ಲ ಅಷ್ಟೊಂದು ಮಾತಾಡದು," ಎಂದು ಜವರಮ್ಮ ಮೊರವನ್ನು ಅವರ ಮುಂದೆ ಹಿಡಿದರು. "ತಕಳಿ, ಉರಿ ಇಳಿದ ಮೇಲೆ ಬೀಸಿ."

ಬಿಳಿಗಿರಿ ಗಾಬರಿಯಾದ. "ಅಮ್ಮ, ಅವರು ಗುರುಗಳು. ಅವರು ಬೀಸೋದಾ? ಇಲ್ಲಿ ಕೊಡಿ."

"ನೀನು ನಿನ್ನ ಪಾಲಿಂದು ಬೀಸಿದ್ದಾಗಿದೆ," ಎಂದು ಗುರುಗಳು ಮೊರ ತೆಗೆದುಕೊಂಡರು.

ಉರಿ ಇಳಿಯಿತು. ಗುರುಗಳು ಬೀಸಿದರು. ಬೂದಿ ಎದ್ದು ಅವರ ಗಡ್ಡಕ್ಕೆ, ಹುಬ್ಬಿಗೆ, ಕಿವಿಗೆ ಬಂದು ಕೂತಿತು. ಕಣ್ಣಿಗೆ ಹೊಗೆ ಹೊಕ್ಕು ನೀರು ಬಂತು. ಅವರು ಒರೆಸಿಕೊಳ್ಳಲಿಲ್ಲ. ಮೀನು ಕಿಟಕಿಯ ಮೇಲೆ ಮಲಗಿತು. ಗುರುಗಳು ಬೀಸುವುದನ್ನು ನಿಲ್ಲಿಸಿ, ಬಗ್ಗಿ, ಅದರ ಹತ್ತಿರಕ್ಕೆ ಕಿವಿ ಕೊಟ್ಟರು.

"ಏನಂತೆ?" ಎಂದರು ಜವರಮ್ಮ.

"ಇನ್ನೂ ಪೀಠಿಕೆಯಲ್ಲಿದೆ."

ಚರ್ಮ ಚಟ್ ಅಂದಿತು. ಗುರುಗಳು ಬೆಚ್ಚಿದರು. ನಾಯಿ ಅವರನ್ನು ಸ್ವಲ್ಪ ಕೀಳಾಗಿ ನೋಡಿತು.

ಎಲೆಯ ಮೇಲೆ ಮೀನು ಬಂತು.

"ಆರಲಿ ಇರಿ, ಬಿಸಿ ಅದೆ," ಎಂದರು ಜವರಮ್ಮ.

ಅಷ್ಟರಲ್ಲಿ ಗುರುಗಳು ಕೈ ಹಾಕಿಯಾಗಿತ್ತು. "ಹಾ!" ಎಂದು ಮೀನನ್ನು ಈ ಕೈಯಿಂದ ಆ ಕೈಗೆ ಎಸೆದರು. ಆ ಕೈಯಿಂದ ಈ ಕೈಗೆ ಎಸೆದರು. ಅದು ಕೆಳಗೆ ಬೀಳುವುದೇ ಖಚಿತವೆಂದು ನಾಯಿ ಎದ್ದು ನಿಂತಿತು. ಬೀಳಲಿಲ್ಲ. ಗುರುಗಳು ಜೋರಾಗಿ ನಕ್ಕರು. ಜ್ವರ ಬಂದ ದಿನದಿಂದ ಬಿಳಿಗಿರಿ ಆ ನಗು ಕೇಳಿರಲಿಲ್ಲ.

ಅವರು ಮೀನನ್ನು ಬಿಡಿಸಿದರು. ಬಾಯಿಗಿಟ್ಟರು. ಊದುತ್ತಾ ಅಗಿದರು. ಮತ್ತೆ ಬಿಡಿಸಿದರು. ತಲೆಯನ್ನು ನಾಯಿಗೆ ಹಾಕಿ, ಮೊದಲೇ ಬೀಳಿಸದಿದ್ದಕ್ಕೆ ಅದರ ಕ್ಷಮೆ ಕೇಳಿದರು.

ಎರಡನೆಯ ಮೀನು ಬಂತು, ಹೋಯಿತು. ಮೂರನೆಯದೂ ಹೋಯಿತು. ಬಿಳಿಗಿರಿ ತನ್ನ ಎಲೆ ಮುಟ್ಟದೆ ಗುರುಗಳ ಬಾಯನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾಗಲಿಲ್ಲ.

"ಬುದ್ಧಿ, ರುಚಿ ಬಂತಾ?"

ಗುರುಗಳು ಬಾಯಿಂದ ಒಂದು ಮುಳ್ಳನ್ನು ಎಳೆದು ಎಲೆಯ ಅಂಚಿಗಿಟ್ಟರು.

"ಇಲ್ಲ," ಎಂದರು. ಜವರಮ್ಮನ ಕಡೆ ತಿರುಗಿದರು. "ಮೂರು ಮುಗಿದವು. ಇನ್ನೆರಡು ಇಡಮ್ಮ."