ಏಡಿ ದುಗ್ಗಕ್ಕ ಮರಳಿನ ಮೇಲೆ ಸಿಟ್ಟಾದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಕಡಲಿಗೆ ಸುರಿದ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಆ ಕಾಲದಲ್ಲಿ ಯಾರಿಗೂ ಏನೂ ನೆನಪಿರುತ್ತಿರಲಿಲ್ಲ. ಕೊಕ್ಕರೆ ತನ್ನ ಗೂಡು ಮರೆತು ಹದ್ದಿನ ಗೂಡಿನಲ್ಲಿ ಹೋಗಿ ಕೂರುತ್ತಿತ್ತು. ನಿನ್ನೆ ಯಾರಿಗೆ ಹೆದರಿ ಓಡಿದ್ದೆ ಎಂಬುದನ್ನು ಮರೆತ ಮೀನು ಇವತ್ತು ಅವರ ಬಾಯಿಯ ಮುಂದೆಯೇ ಈಜುತ್ತಿತ್ತು.

ಇದಕ್ಕೊಂದು ದಾರಿ ಹುಡುಕಿದವಳು ಏಡಿ ದುಗ್ಗಕ್ಕ. ಅವಳು ಇದ್ದದ್ದು ಹುಣಸೆಬೀಜದಷ್ಟು. ಒದ್ದೆ ಮರಳನ್ನು ಸಣ್ಣ ಸಣ್ಣ ಉಂಡೆ ಮಾಡಿ ದಡದ ಮೇಲೆ ಸಾಲಾಗಿ ಇಡುತ್ತಿದ್ದಳು. ಒಂದು ಸಾಲಿಗೆ ಎಂಟು ಜಾಗ. ಒಂದೊಂದು ಜಾಗದಲ್ಲಿ ಉಂಡೆ ಇರಬೇಕು, ಇಲ್ಲವೇ ಖಾಲಿ ಇರಬೇಕು. ಇದ್ದದ್ದು ಎರಡೇ ಗುರುತು. ಆದರೆ ಎಂಟು ಜಾಗದಲ್ಲಿ ಅವನ್ನು ಅದಲುಬದಲು ಮಾಡಿದರೆ ಇನ್ನೂರ ಐವತ್ತಾರು ಬಗೆಯ ಸಾಲು ಆಗುತ್ತಿತ್ತು. ಒಂದು ಬಗೆ ಎಂದರೆ ಕೊಕ್ಕರೆ, ಇನ್ನೊಂದು ಬಗೆ ಎಂದರೆ ಗೂಡು, ಮತ್ತೊಂದು ಎಂದರೆ ಮೂಡಣ ದಿಕ್ಕು.

ಪ್ರತಿ ಸಾಲಿಗೂ ಅವಳು ಒಂದು ನಂಬರು ಕೊಟ್ಟಿದ್ದಳು. ಯಾರಾದರೂ ಬಂದು ಕೇಳಿದರೆ ಮೊದಲಿನಿಂದ ಹುಡುಕುವ ಕೆಲಸವೇ ಇರಲಿಲ್ಲ. ನೂರ ಹನ್ನೆರಡನೇ ಸಾಲು ಬೇಕೆಂದರೆ ಅಡ್ಡಡ್ಡ ಓಡಿ ನೇರ ನೂರ ಹನ್ನೆರಡಕ್ಕೇ ಹೋಗಿ ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ. ದಡದ ಜೀವಿಗಳೆಲ್ಲ ಅವಳನ್ನು ನಂಬಿದವು.

ಒಂದು ದಿನ ಕಡಲಾಮೆ ಸಣ್ಣಮ್ಮ ಉಸಿರು ಬಿಡುತ್ತಾ ದಡಕ್ಕೆ ಬಂದಳು. ಹೆಸರು ಸಣ್ಣಮ್ಮನಾದರೂ ಮೈ ಮಾತ್ರ ಬಂಡೆಯಂಥದ್ದು. ಗುಂಡಿ ತೋಡಿ ನೂರ ಹತ್ತು ಮೊಟ್ಟೆ ಇಟ್ಟು ಮುಚ್ಚಿದಳು. ಆಮೇಲೆ ದುಗ್ಗಕ್ಕನ ಹತ್ತಿರ ಬಂದು ಜಾಗದ ಗುರುತು ಬರೆದಿಡಲು ಕೇಳಿಕೊಂಡಳು.

"ಐವತ್ತು ದಿನಕ್ಕೆ ಮರಿ ಬರುತ್ತವೆ ದುಗ್ಗಕ್ಕ. ಅವು ಕಣ್ಣು ಬಿಡುವಾಗ ನಾನು ಅಲ್ಲಿರಬೇಕು" ಎಂದಳು.

ದುಗ್ಗಕ್ಕ ಏಳು ಸಾಲು ಬರೆದಳು. ಎಷ್ಟು ಹೆಜ್ಜೆ, ಯಾವ ದಿಕ್ಕು, ಯಾವ ಬಳ್ಳಿಯ ಪಕ್ಕ, ಎಲ್ಲವನ್ನೂ. ಎರಡೆರಡು ಸಲ ಓದಿ ಸರಿ ನೋಡಿದಳು.

ಕಡಲು ಆಗ ಏರುವುದು ಇಳಿಯುವುದು ಗೊತ್ತಿಲ್ಲದೆ ದೂರದಲ್ಲೇ ಮಲಗಿರುತ್ತಿತ್ತು. ಆದರೆ ನಲವತ್ತನೆಯ ದಿನ ಚಂದ್ರ ಮೊದಲ ಸಲ ಅದನ್ನು ಹತ್ತಿರ ಕರೆದ. ಕಡಲು ಎದ್ದು ಬಂತು. ಲೋಕದ ಮೊಟ್ಟಮೊದಲ ಭರತ ಅದು. ದುಗ್ಗಕ್ಕ ಬಿಲದೊಳಗೆ ಹೊಕ್ಕು, ಬಾಗಿಲಿಗೆ ಮರಳು ತುರುಕಿ ಕೂತಳು. ನೀರು ಹಿಂದೆ ಸರಿದ ಮೇಲೆ ಹೊರಗೆ ಬಂದು ನೋಡಿದರೆ ದಡ ಒರೆಸಿದ ಹಾಗಿತ್ತು. ಒಂದು ಉಂಡೆಯೂ ಇಲ್ಲ, ಒಂದು ಸಾಲೂ ಇಲ್ಲ.

ಹೇಳಿದ ದಿನಕ್ಕಿಂತ ಮೊದಲೇ ಸಣ್ಣಮ್ಮ ಬಂದಳು. ಬರೆದದ್ದು ದುಗ್ಗಕ್ಕನಿಗೂ ನೆನಪಿರಲಿಲ್ಲ, ಒರೆಸಿಹೋದ ದಡವನ್ನು ತೋರಿಸಿದಳು. ಸಣ್ಣಮ್ಮ ಅಲ್ಲಿ ತೋಡಿದಳು, ಇಲ್ಲಿ ತೋಡಿದಳು. ಮೂರು ದಿನ ತೋಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ದಡದ ಆ ತುದಿಯಲ್ಲಿ ಪುಟ್ಟ ಪುಟ್ಟ ಹೆಜ್ಜೆಗಳು ಕಂಡವು. ನೂರ ಹತ್ತು ಮರಿಗಳ ಹೆಜ್ಜೆ, ನೇರ ನೀರಿನ ಕಡೆಗೆ. ಕೂಸುಗಳು ತಾಯಿಯನ್ನು ನೋಡದೆ ಹೋಗಿಬಿಟ್ಟಿದ್ದವು.

"ನಿನ್ನನ್ನು ನಂಬಿದ್ದೆ" ಎಂದಷ್ಟೇ ಹೇಳಿ ಸಣ್ಣಮ್ಮ ಕಡಲಿಗಿಳಿದಳು.

ಕೊಕ್ಕರೆ, ಹದ್ದು, ಮೀನು ಎಲ್ಲರೂ ಸೇರಿ ದುಗ್ಗಕ್ಕ ಬರೆದೇ ಇರಲಿಲ್ಲ, ಬರೀ ಸುಳ್ಳಿ ಎಂದು ಆಡಿಕೊಂಡರು. ಆಗ ಅವಳ ಮೈಯೆಲ್ಲ ಉರಿದುಹೋಯಿತು. ಬೆನ್ನು ಬಿದ್ದುಹೋಗುವ ತನಕ ದುಡಿದದ್ದು ಅವಳು, ಎರಡೆರಡು ಸಲ ಸರಿ ನೋಡಿದ್ದು ಅವಳು, ಈಗ ಸುಳ್ಳಿಯೂ ಅವಳೇ! ಎರಡೂ ಕೊಂಡಿ ಎತ್ತಿಕೊಂಡು ಮರಳಿನ ಹತ್ತಿರ ಜಗಳಕ್ಕೆ ಹೋದಳು.

ಮರಳು ಸಮಾಧಾನದಿಂದಲೇ ಮಾತಾಡಿತು. ತನ್ನ ಗುಣವೇ ಅಷ್ಟು, ನೀರು ದೂರ ಇರುವ ತನಕ ಹಿಡಿದಿಡುತ್ತೇನೆ, ನೀರು ಬಂದರೆ ಬಿಟ್ಟುಬಿಡುತ್ತೇನೆ, ಬೇಗ ಬರೆಸಿಕೊಳ್ಳುವವರು ಬೇಗ ಮರೆಯುತ್ತಾರೆ ಎಂದಿತು.

"ಅದನ್ನು ಮೊದಲೇ ಹೇಳಬೇಕಿತ್ತಲ್ಲ?" ಎಂದಳು ದುಗ್ಗಕ್ಕ.

"ನೀನು ಕೇಳಲೇ ಇಲ್ಲ" ಎಂದಿತು ಮರಳು.

ಉಂಡೆಗಳು ಹೋದದ್ದಕ್ಕೂ ಅವಳಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ, ಈ ಮಾತಿಗೆ ಬಂತು. ಅಷ್ಟು ದಿನ ಅವಳು ಬರೆಯುವುದನ್ನು ನೋಡುತ್ತಾ ಬಿದ್ದುಕೊಂಡಿತ್ತಲ್ಲ, ಒಂದು ಮಾತು ಹೇಳಲಿಕ್ಕೆ ಬಾಯಿ ಇರಲಿಲ್ಲವೇ? ತಿರುಗಿ ನಡೆದಳು.

ದಡದ ಕೊನೆಯಲ್ಲಿದ್ದ ಬಂಡೆಯಜ್ಜ ಎಲ್ಲವನ್ನೂ ಕೇಳಿಸಿಕೊಂಡಿದ್ದ. ತನ್ನ ಮೈಮೇಲೆ ಗೀರಿದರೆ ಯಾವ ನೀರಿಗೂ ಅಳಿಯುವುದಿಲ್ಲ, ಆದರೆ ತಾನು ಬಲು ನಿಧಾನ, ಒಂದು ಸಾಲಿಗೆ ಅರ್ಧ ದಿನ ಬೇಕು ಎಂದ. ದುಗ್ಗಕ್ಕ ಗೀರತೊಡಗಿದಳು. ಕೊಂಡಿಯ ತುದಿ ಸವೆಯಿತು. ಮರಿಗಳ ಹೆಜ್ಜೆ ಶುರುವಾದಲ್ಲಿಗೆ ಹೋಗಿ ಮತ್ತೆ ಅಳೆದು ಬಂದು, ಮೊದಲು ಗೀರಿದ್ದು ಸಣ್ಣಮ್ಮ ಮೊಟ್ಟೆಯಿಟ್ಟ ಜಾಗದ ಆ ಏಳು ಸಾಲುಗಳನ್ನೇ. ಅವು ಇನ್ನು ಯಾರ ಉಪಯೋಗಕ್ಕೂ ಇರಲಿಲ್ಲ. ಆದರೂ ಗೀರಿದಳು. ತಾನು ಬರೆದದ್ದು ನಿಜ ಎಂದು ಎಲ್ಲರೂ ನೋಡಬೇಕಿತ್ತು.

ನೋಡಿದರು. ಕೊಕ್ಕರೆ ತಲೆ ತಗ್ಗಿಸಿತು. ಸಣ್ಣಮ್ಮ ಮಾತ್ರ ನೋಡಲು ಬರಲಿಲ್ಲ. ಅಂದಿನಿಂದ ಕಡಲಾಮೆಗಳು ಮೊಟ್ಟೆ ಇಟ್ಟು, ಮುಚ್ಚಿ, ಯಾರಿಗೂ ಏನೂ ಹೇಳದೆ ಹೊರಟುಹೋಗುತ್ತವೆ.

ಎಲ್ಲವನ್ನೂ ಬಂಡೆಗೇ ಗೀರುತ್ತ ಕೂತರೆ ಕೇಳಲು ಬಂದವರು ಸಂಜೆಯ ತನಕ ಕಾಯಬೇಕಾಗುತ್ತಿತ್ತು. ಹಾಗಾಗಿ ದುಗ್ಗಕ್ಕ ಹೊತ್ತುಹೊತ್ತಿನ ಕೆಲಸವನ್ನು ಮರಳಿನಲ್ಲೇ ಬರೆದಳು. ಉಳಿಯಲೇಬೇಕಾದದ್ದನ್ನು ಭರತ ಬರುವ ಮುಂಚೆ ಬಂಡೆಗೆ ಸಾಗಿಸಿದಳು. ಮರಳಿನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಅವಳ ಮೊಮ್ಮಕ್ಕಳಿಗೂ ಇಳಿದಿಲ್ಲ. ನೀರು ಇಳಿದ ಕೂಡಲೇ ಬಿಲದಿಂದ ಎದ್ದು, ಹಟ ಹಿಡಿದವರಂತೆ ಮತ್ತೆ ಮೊದಲಿನಿಂದ ಉಂಡೆ ಕಟ್ಟುತ್ತಾರೆ.

ಮನುಷ್ಯರು ಎಷ್ಟೋ ಕಾಲದ ಮೇಲೆ ಅದೇ ಮರಳನ್ನು ಕಾಯಿಸಿ, ಕರಗಿಸಿ, ಕಂಪ್ಯೂಟರಿಗೆ ನೆನಪು ಮಾಡಿಕೊಟ್ಟರು. ಉಂಡೆಯ ಬದಲು ಕರೆಂಟು ಇದೆ, ಕರೆಂಟು ಇಲ್ಲ ಎಂಬ ಎರಡೇ ಗುರುತು, ಎಂಟೆಂಟರ ಸಾಲು, ಸಾಲಿಗೊಂದು ನಂಬರು. ಮರಳು ತನ್ನ ಗುಣ ಬಿಡಲಿಲ್ಲ. ಆದ್ದರಿಂದಲೇ ಮಗೂ, ನೀನು ಅರ್ಧ ಬಿಡಿಸಿದ ಚಿತ್ರ 'ಸೇವ್' ಎಂದು ಒತ್ತಿ ಡಿಸ್ಕಿಗೆ ಕಳಿಸಿದರೆ ಮಾತ್ರ ಬಂಡೆಗೆ ಗೀರಿದ ಹಾಗೆ ಉಳಿಯುತ್ತದೆ, ಇಲ್ಲದಿದ್ದರೆ ಕರೆಂಟು ಹೋದ ಕ್ಷಣವೇ ಕಂಪ್ಯೂಟರು ಅದನ್ನು ಮರೆತುಬಿಡುತ್ತದೆ, ನಿನಗೆ ಒಂದು ಮಾತೂ ಹೇಳದೆ.