ಮೀನಖಂಡದೊಳಗೆ ಕಲ್ಲು ಕೂತದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹಾಸಿದ ನೆಲ ಪೂರ್ತಿ ಒಣಗಿರಲಿಲ್ಲ. ಹೊಳೆ ದಿನಕ್ಕೊಂದು ಹಾದಿ ಹಿಡಿಯುತ್ತಿತ್ತು. ಗಾಳಿಗೆ ಬಾಯಿ ಬಂದು ಸ್ವಲ್ಪ ದಿನವಾಗಿತ್ತಷ್ಟೆ, ಹಾಗಾಗಿ ಅದು ಸುಮ್ಮನಿರುತ್ತಲೇ ಇರಲಿಲ್ಲ.

ಆಗ ಕಲ್ಲುಗಳೂ ನಡೆಯುತ್ತಿದ್ದವು. ಆದರೆ ಅವು ನಡೆದದ್ದನ್ನು ಕಂಡವರಿಲ್ಲ. ನೋಡಿದಾಗ ಕೂತಿರುತ್ತಿದ್ದವು. ಕಣ್ಣು ಆಚೆ ತಿರುಗಿಸಿ ಮತ್ತೆ ನೋಡಿದರೆ ಆಗಲೂ ಕೂತೇ ಇರುತ್ತಿದ್ದವು, ಒಂದು ಮಾರು ಹತ್ತಿರದಲ್ಲಿ.

ಕಲ್ಲಿಗೆ ಬೇಕಾದದ್ದು ಜೊತೆ. ಯಾರಾದರೂ ಒಂದೇ ಕಡೆ ಬಹಳ ಹೊತ್ತು ಕೂತರೆ ಅದು ಬಂದು ಪಕ್ಕದಲ್ಲಿ ಕೂರುತ್ತಿತ್ತು. ಮತ್ತೂ ಕೂತರೆ ಮೆಲ್ಲಗೆ ಒಳಗೇ ಬಂದು ಕೂರುತ್ತಿತ್ತು. ಬಯಲುಸೀಮೆಯ ಬಂಡೆಗಳು ಕಂಬಳಿ ಹೊದ್ದ ಮುದುಕರಂತೆ ಕಾಣುತ್ತವಲ್ಲ, ಅವುಗಳಲ್ಲಿ ಎಷ್ಟು ಮೊದಲಿಂದಲೂ ಬಂಡೆ, ಎಷ್ಟು ಆಮೇಲೆ ಆದದ್ದು ಎಂದು ಕೇಳಬೇಡ, ಮಗು. ನನಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅಂಥ ಬಂಡೆಗಳ ನಡುವೆ ಒಂದು ಹಟ್ಟಿ ಇತ್ತು. ಹಟ್ಟಿಯಲ್ಲಿ ಕೆಂಚವ್ವ ಎಂಬ ಓಟಗಾರ್ತಿ ಇದ್ದಳು. ದಿನಾ ಬೆಳಗ್ಗೆ ಹಟ್ಟಿಯ ಸುತ್ತ ಒಂದು ಸುತ್ತು ಓಡುವುದು ಅವಳ ಕೆಲಸ. ಓಡುವವರ ಹೆಜ್ಜೆ ಬಿದ್ದ ನೆಲವನ್ನು ಕಲ್ಲು ದಾಟುವುದಿಲ್ಲ, ಹೆಜ್ಜೆ ಹಳತಾದಂತೆ ಅದರ ಹತ್ತಿರ ಹತ್ತಿರ ಬರುತ್ತದೆ ಅಷ್ಟೆ. ಅವಳ ಕಾಲು ನೆಲಕ್ಕೆ ತಾಗುವುದೇ ಇಲ್ಲ ಎಂದು ಹಟ್ಟಿಯವರು ಹೊಗಳುತ್ತಿದ್ದರು. ತಾಗದೆ ಹೆಜ್ಜೆ ಬೀಳುವುದು ಹೇಗೆ? ಹೊಗಳುವವರಿಗೆ ಅಷ್ಟೆಲ್ಲ ಯೋಚನೆ ಇರುವುದಿಲ್ಲ.

ಹೀಗಿರುವಾಗ ಕೆಂಚವ್ವನ ತಂಗಿ ಹೊನ್ನಿಗೆ ಹೆಣ್ಣು ಮಗು ಹುಟ್ಟಿತು. ತಾಯಿಯಿಲ್ಲದ ಮನೆ. ಬಾಣಂತಿಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಮಗುವಿಗೆ ನೀರೆರೆಯಲು ಬೇರೆ ಕೈಯಿಲ್ಲ. ಕೆಂಚವ್ವ ನೆಲದ ಮೇಲೆ ಕೂತು, ಎರಡೂ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಳು. ಮಗು ಅವಳ ಮೊಣಕಾಲಿಗೆ ಒದ್ದಿತು. ಅಷ್ಟೇ ಸಾಕಾಯಿತು. ಆ ಗಳಿಗೆಯಿಂದ ಅವಳಿಗೆ ಲೋಕದಲ್ಲಿ ಬೇರೇನೂ ಬೇಡವಾಯಿತು.

ಮೊದಲ ದಿನ ಗಾಳಿ ಬೆಳಕಿಂಡಿಯಲ್ಲಿ ಇಣುಕಿ, ಇವತ್ತು ಓಡಲಿಲ್ಲವಲ್ಲ ಎಂದು ಕೇಳಿತು. ನಾಳೆ ಓಡುತ್ತೇನೆ ಅಂದಳು.

ಮೂರನೆಯ ದಿನ ಗಾಳಿ ಬಂದು, ಮೂಡಲ ಕಡೆಯ ಕಲ್ಲುಗಳು ಹುಣಸೆಮರದ ತನಕ ಬಂದಿವೆ ಎಂದು ಹೇಳಿತು. ನಾಳೆ ಓಡುತ್ತೇನೆ ಅಂದಳು.

ಆರನೆಯ ದಿನ ಗಾಳಿಯ ದನಿ ಇಳಿದಿತ್ತು. ಹುಣಸೆಮರ ಈಗ ಅವುಗಳ ಹಿಂದಿದೆ ಎಂದಿತು. ಕೆಂಚವ್ವ ಮಗುವಿನ ಮುಖ ನೋಡಿದಳು. ಮಗು ನಿದ್ದೆಯಲ್ಲಿ ನಕ್ಕಿತು. ನಾಳೆ ಖಂಡಿತ ಅಂದಳು.

ಒಂಬತ್ತನೆಯ ದಿನ ತೊಟ್ಟಿಲು ಕಟ್ಟುವ ಶಾಸ್ತ್ರ. ತೊಟ್ಟಿಲಿಗೆ ಮೊದಲು ಮನೆಯ ಗುಂಡುಕಲ್ಲನ್ನು ಕುಲಾವಿ ತೊಡಿಸಿ ಮಲಗಿಸಬೇಕು, ಜೋಗುಳ ಹಾಡಿ ತೂಗಬೇಕು, ಆಮೇಲೆ ಮಗುವನ್ನು ಮಲಗಿಸಬೇಕು. ಕೆಟ್ಟ ಕಣ್ಣು ಬಿದ್ದರೆ ಕಲ್ಲಿಗೆ ಬೀಳಲಿ ಎಂದು. ಗುಂಡುಕಲ್ಲಿನಿಂದ ಭಯವಿಲ್ಲ, ಅದು ದಿನಾ ಒರಳಲ್ಲಿ ತಿರುಗಿ ತಿರುಗಿ ಪಳಗಿದ ಕಲ್ಲು.

ಆದರೆ ಅಂದು ನೆಂಟರು ಹೆಚ್ಚು, ಗುಂಡುಕಲ್ಲು ಚಟ್ನಿ ಅರೆಯುತ್ತಿತ್ತು. ಹಟ್ಟಿಗೆ ಹಿರಿಯಳಾದ ಸಿದ್ದಜ್ಜಿಗೆ ಅವಸರವೋ ಅವಸರ. ಕಲ್ಲಿಗೇನು ಬರವೇ ಎಂದು ಗೊಣಗುತ್ತ ಹಟ್ಟಿಯ ಅಂಚಿಗೆ ಹೋದಳು. ಅಲ್ಲಿ ಕೆಂಚವ್ವನ ಹಳೆಯ ಹೆಜ್ಜೆಗಳ ಆಚೆಗೆ, ಒಂದೇ ಗೇಣು ದೂರದಲ್ಲಿ, ಮಗುವಿನ ತಲೆಯಷ್ಟು ದಪ್ಪದ ನುಣ್ಣನೆಯ ಕಲ್ಲೊಂದು ಕೂತಿತ್ತು. ಅಜ್ಜಿ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಬಂದಳು. ಕಲ್ಲು ತಾನಾಗಿ ದಾಟಲಾರದ ಗಡಿಯನ್ನು ಮನುಷ್ಯರ ಕೈಯೇ ದಾಟಿಸಿತು.

ಕುಲಾವಿ ತೊಡಿಸಿದರು. ಹೆಂಗಸರು ಹಾಡಿ ತೂಗಿದರು. ಎಂಥ ಭಾರ ಎಂದು ಯಾರೋ ನಕ್ಕರು. ಆಮೇಲೆ ಅದನ್ನು ತೆಗೆದು ನೆಲದ ಮೇಲಿಟ್ಟು ಮಗುವನ್ನು ಮಲಗಿಸಿದರು. ಊಟವೆಲ್ಲ ಮುಗಿದು ನೋಡಿದರೆ ನೆಲದ ಮೇಲೆ ಬರೀ ಕುಲಾವಿ ಬಿದ್ದಿತ್ತು.

ತೊಟ್ಟಿಲಲ್ಲಿ ಮಗು ಅಳುತ್ತಿರಲಿಲ್ಲ. ಕಣ್ಣು ತೆರೆದೇ ಇತ್ತು. ಕೆಂಚವ್ವ ಅದರ ಪಾದ ಹಿಡಿದಳು. ಪಾದ ತಣ್ಣಗಿತ್ತು. ಮೊಣಕಾಲು ಮಡಿಸಲು ನೋಡಿದಳು, ಮಡಿಯಲಿಲ್ಲ. ಹೊನ್ನಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು.

ಕೆಂಚವ್ವನಿಗೆ ಎಲ್ಲ ಅರ್ಥವಾಯಿತು. ತಾನು ಓಡಿದ್ದರೆ ಆ ಕಲ್ಲು ಹುಣಸೆಮರದ ಆಚೆಯೇ ಇರುತ್ತಿತ್ತು. ಅವಳು ಬಾಗಿ ಮಗುವಿನ ಅಂಗಾಲಿಗೆ ಕಿವಿ ಇಟ್ಟಳು. ಒಳಗಿನಿಂದ ಬಹಳ ನಿಧಾನವಾದ ದನಿ ಬಂತು.

"ಕರೆದವರು ನೀವೇ. ತೊಟ್ಟಿಲು ಕೊಟ್ಟಿರಿ, ಹಾಡಿದಿರಿ. ನನಗೆ ಯಾರೂ ಯಾವತ್ತೂ ಹಾಡಿರಲಿಲ್ಲ. ಈಗ ಎಲ್ಲಿಗೆ ಹೋಗಲಿ?"

ಕೆಂಚವ್ವನಿಗೆ ಭಯದ ನಡುವೆಯೂ ಅಯ್ಯೋ ಅನ್ನಿಸಿತು. ಆದರೆ ಮಗುವಿನ ತುಟಿ ಬಿಳಿಚುತ್ತಿತ್ತು, ಮರುಕಪಡುತ್ತ ಕೂರುವ ಹೊತ್ತಲ್ಲ.

"ಕುಂತೋಳು ನಾನು, ತಪ್ಪು ನಂದು," ಅಂದಳು. "ಕೂಸಿನ ಕಾಲು ಬಿಡು. ಒಂಬತ್ತು ದಿನ ಕುಂತಿರೋ ಕಾಲು ಇಲ್ಲೈತೆ, ಜಾಗ ಬೇಕಾದಷ್ಟೈತೆ. ನಾನು ಕುಂತಿರೋಗಂಟ ನೀನಿರು. ನಾನೆದ್ದು ಓಡಿದ್ರೆ ನೀನು ಎದ್ದು ಹೋಗ್ಬೇಕು."

ಕಲ್ಲು ಬಹಳ ಹೊತ್ತು ಯೋಚಿಸಿತು.

"ನಾನು ಒಳಗೆ ಕೂತ ಮೇಲೆ ಎದ್ದವರನ್ನು ಇನ್ನೂ ಕಂಡಿಲ್ಲ," ಅಂದಿತು. "ಆಗಲಿ."

ಕೆಂಚವ್ವ ನೀರೆರೆಯುವಾಗಿನಂತೆ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಳು. ಮಗುವಿನ ಕಾಲಿಂದ ತಂಪೊಂದು ಇಳಿದು ಅವಳ ತೊಡೆಗೆ ಬಂತು, ತೊಡೆಯಿಂದ ಮೀನಖಂಡಕ್ಕೆ ಜಾರಿತು, ಅಲ್ಲಿ ಮಗ್ಗುಲು ಬದಲಿಸಿ ಕೂತಿತು. ಮಗು ಚಿಟ್ಟನೆ ಚೀರಿ ಅವಳ ಹೊಟ್ಟೆಗೆ ಒದ್ದಿತು. ಹೊನ್ನಿ ಓಡಿ ಬಂದು ಎತ್ತಿಕೊಂಡಳು.

ಕೆಂಚವ್ವ ಎದ್ದಳು. ಹೊತ್ತು ಮುಳುಗುವ ಮೊದಲು ಹಟ್ಟಿಯ ಸುತ್ತ ಪೂರ್ತಿ ಒಂದು ಸುತ್ತು ಓಡಿಬಿಟ್ಟಳು. ಉಸಿರು ಕಟ್ಟಿತು, ಕಾಲು ನಡುಗಿತು, ಅಷ್ಟೇ. ಇಷ್ಟೇನಾ ಎಂದುಕೊಂಡಳು. ಪಾಪ, ಕಲ್ಲಿಗೆ ಏನೇ ತಿಳಿಯಬೇಕಾದರೂ ನಿಧಾನ ಎಂದು ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಮೀನಖಂಡ ಬಿಗಿಯಾಗಿತ್ತು. ಅದರ ಮಾರನೆಯ ಬೆಳಗ್ಗೆ ಹೊಸ್ತಿಲು ಇಳಿಯಲು ಕಾಲಿಟ್ಟಳು, ಇಳಿಯಲಾಗಲಿಲ್ಲ. ಅವಳು ಓಡಿದ ಸುದ್ದಿ ಒಳಗಿನ ಕಲ್ಲಿಗೆ ಆಗಷ್ಟೇ ಮುಟ್ಟಿತ್ತು. ಅದು ಕೊಟ್ಟ ಮಾತಿನಂತೆ ಎದ್ದು ಬಾಗಿಲು ಹುಡುಕುತ್ತಿತ್ತು. ತೊಡೆಯ ಗೋಡೆ ತಟ್ಟಿತು, ಮೊಣಕಾಲ ಹಿಂದೆ ತಟ್ಟಿತು. ತಟ್ಟಿದಲ್ಲೆಲ್ಲ ಅವಳ ಜೀವ ಬಾಯಿಗೆ ಬಂತು.

ಎಲ್ಲರೂ ಕೂತುಕೋ ಎಂದರು. ಸಿದ್ದಜ್ಜಿ ಕಣ್ಣೀರಿಡುತ್ತ ಹರಳೆಣ್ಣೆ ಬಿಸಿ ಮಾಡಿ ತಂದು, ನಾಲ್ಕು ದಿನ ಅಲುಗಾಡಬೇಡ ಎಂದು ಬೇಡಿಕೊಂಡಳು. ಕೆಂಚವ್ವನಿಗೂ ಕೂರಬೇಕೆನ್ನಿಸಿತು. ಅಷ್ಟು ಆಸೆ ಅವಳಿಗೆ ಯಾವತ್ತೂ ಯಾವುದರ ಮೇಲೂ ಆಗಿರಲಿಲ್ಲ.

ಬಾಗಿಲ ಚೌಕಟ್ಟು ಹಿಡಿದು ಅವಳು ಹೊರಗೆ ನೋಡಿದಳು. ಗಡಿಯಾಚೆ ಕಲ್ಲುಗಳು ಸಾಲಾಗಿ ಕೂತಿದ್ದವು, ಎಲ್ಲವೂ ಅವಳ ಮನೆಯ ಕಡೆಗೆ ಮುಖ ಮಾಡಿ. ಸಾಲಿನ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದವು.

ಕೆಂಚವ್ವ ಕೂರಲಿಲ್ಲ. ಹೊಳೆಯ ಹತ್ತಿರ ಹೋಗಿ ದಾರಿ ಕೇಳೋಣವೆಂದು ಹೊನ್ನಿಯ ಹೆಗಲು ಹಿಡಿದು, ಹಿಂದುಮುಂದಾಗಿ ಹೊಸ್ತಿಲಿಳಿದಳು. ಕಲ್ಲನ್ನು ಹೊಳೆಯಷ್ಟು ಬಲ್ಲವರು ಯಾರು?

"ಕಲ್ಲಿಗೆ ಗೊತ್ತಿರುವುದು ಇಳಿಜಾರು ಒಂದೇ," ಅಂದಿತು ಹೊಳೆ. "ಓಡಿದರೆ ಅದು ಗಾಬರಿಬಿದ್ದು ತಟ್ಟುತ್ತದೆ. ಕೂತರೆ ಮತ್ತೆ ಕೂರುತ್ತದೆ. ಮೆಲ್ಲಗೆ ನಡೆ. ಪ್ರತಿ ಹೆಜ್ಜೆಗೆ ಒಂದಿಷ್ಟು ಕೆಳಗಿಳಿಯುತ್ತದೆ."

ಅಂದು ಕೆಂಚವ್ವ ಹಟ್ಟಿಯ ಸುತ್ತ ನಡೆದಳು. ನರಳಿದಳು, ಕಲ್ಲನ್ನೂ ತನ್ನನ್ನೂ ಬೈದುಕೊಂಡಳು, ನಡೆದಳು. ಮರುದಿನವೂ ನಡೆದಳು. ಅದರ ಮರುದಿನ ಹಿಮ್ಮಡಿಯಲ್ಲಿ ಏನೋ ತಣ್ಣಗೆ ಜಾರಿದಂತಾಗಿ ಕಾಲು ಹಗುರಾಯಿತು. ತಲೆಯೆತ್ತಿ ನೋಡಿದಳು. ಸಾಲಿನ ನಡುವಿನ ಖಾಲಿ ಜಾಗದಲ್ಲಿ ನುಣ್ಣನೆಯ ಕಲ್ಲೊಂದು ಕೂತಿತ್ತು. ಅವಳಿಗೆ ಒಳಗೊಳಗೇ ಅಳು ಬಂತು, ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಮಗು ಬದುಕಿತು, ಬೆಳೆಯಿತು, ಅಮ್ಮ ದೊಡ್ಡಮ್ಮ ಯಾರ ಮಾತೂ ಕೇಳದೆ ಊರೆಲ್ಲ ಓಡಿತು. ಹೊರಗಿನ ಕಲ್ಲುಗಳು ಈಗ ನಡೆಯುವುದಿಲ್ಲ ಎನ್ನುತ್ತಾರೆ. ಹೆಚ್ಚು ಹೊತ್ತು ನೋಡಿದವರಂತೂ ಇಲ್ಲ. ಆದರೆ ಒಪ್ಪಂದ ಒಪ್ಪಂದವೇ. ಓಡುವ ಕಾಲು ಯಾವುದೇ ಇರಲಿ, ಅದು ಕೆಲವು ದಿನ ಕೂತರೆ ಕಲ್ಲು ಸದ್ದಿಲ್ಲದೆ ಬಂದು ಒಳಗೆ ಕೂರುತ್ತದೆ.

ಅದಕ್ಕೇ ಮಗು, ನಾಲ್ಕು ದಿನ ಓಟ ಬಿಟ್ಟು ಮತ್ತೆ ಓಡಿದರೆ ಎರಡನೆಯ ಬೆಳಗ್ಗೆ ಮೆಟ್ಟಿಲಿಳಿಯುವಾಗ ನಿನ್ನ ಮೀನಖಂಡ ಕಲ್ಲಾಗಿ ನೋಯುವುದು. ಒಳಗಿರುವುದು ಎದ್ದು ಬಾಗಿಲು ಹುಡುಕುತ್ತಿದೆ, ಮೆಲ್ಲಗೆ ನಡೆ, ಕೂರಬೇಡ.