ಹೊಗಳದ ಶಿಫಾರಸು

ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮುಖ್ಯಸ್ಥರಾದ ಹಂಚಿನಾಳ ಸರ್ ಹುಟ್ಟಿದಾಗಿನಿಂದ ಯಾರನ್ನೂ ಹೊಗಳಿದವರಲ್ಲ. ಜರ್ಮನಿಯಲ್ಲಿ ಓದಲು ಹೊರಟ ಶಿವಲೀಲಾಳಿಗೆ ಅವರದೇ ಶಿಫಾರಸು ಪತ್ರ ಬೇಕಿತ್ತು. ಅದಿಲ್ಲದೆ ಅರ್ಜಿ ಮುಂದೆ ಹೋಗುವಂತಿರಲಿಲ್ಲ.

"ನಿನ್ನ ಹೊಗಳಬೇಕಾ? ತುಂಬಿದ ಕ್ಲಾಸಿನ್ಯಾಗ ನನ್ನ ಲೆಕ್ಕ ತಪ್ಪು ಅಂದಾಕಿ ನೀ!"

"ಹೊಗಳೂದು ಬ್ಯಾಡ್ರಿ ಸರ್. ನನ್ನ ತಪ್ಪು ಏನೇನು ಅದಾವ, ಒಂದೂ ಬಿಡದಂಗ ಬರೀರಿ," ಎಂದು ಅವಳು ಕೈಮುಗಿದಳು. ಆ ವಿಶ್ವವಿದ್ಯಾಲಯಕ್ಕೆ ಎಂಥವರು ಬೇಕೆಂದು ಓದಿಕೊಂಡೇ ಬಂದಿದ್ದಳು.

ಇಂಥ ಅವಕಾಶವನ್ನು ಸರ್ ಬಿಟ್ಟಾರೆಯೇ? ತೋಳೇರಿಸಿ ಪತ್ರ ಬರೆಯಲು ಕೂತರು. ಈಕೆ ಪ್ರಶ್ನೆ ಕೇಳಿ ಪ್ರಾಣ ತಿನ್ನುತ್ತಾಳೆ. ಪುಸ್ತಕದಲ್ಲಿದ್ದರೂ ತಾನೇ ಪ್ರಯೋಗ ಮಾಡದೆ ನಂಬುವುದಿಲ್ಲ. ಬಾಗಿಲು ಹಾಕುವ ಹೊತ್ತಾದರೂ ಲ್ಯಾಬ್ ಬಿಟ್ಟು ಏಳುವುದಿಲ್ಲ. ಗುರುಗಳ ಲೆಕ್ಕವನ್ನೇ ತಿದ್ದಿದ್ದಾಳೆ!

ಕೆಲವು ವಾರಗಳಲ್ಲಿ ಅವಳಿಗೆ ಸೀಟು ಸಿಕ್ಕಿತು. ಸರ್‌ಗೂ ಜರ್ಮನಿಯಿಂದ ಒಂದು ಇಮೇಲ್ ಬಂತು: "ನಮಗೆ ಇಂಥವರೇ ಬೇಕು. ಇನ್ನೂ ಇದ್ದರೆ ಕಳಿಸಿ."

ಸರ್ ಕೆಂಡಾಮಂಡಲವಾದರು. "ಮುಂದಿನ ವರ್ಷ ಎಲ್ಲಾರನ್ನೂ ಹೊಗಳಿ ಅಟ್ಟಕ್ಕೇರಿಸ್ತೀನಿ. ಆಮ್ಯಾಲ ಅದ್ಯಾರು ಸೀಟು ತಗೋತಾರ, ನೋಡೇ ಬಿಡೂಣು!"